ಟಚ್‌ಪ್ಯಾಡ್ ಕೆಟ್ಟಿಲ್ಲ, ಕೆಲಸ ಬದಲಾಗಿದೆ

ಮಾನ್ಯ ಸಂಪಾದಕರೇ,

ಅಂಧರಿಗೆ ಲ್ಯಾಪ್‌ಟಾಪ್ ಕಲಿಸುವಾಗ 'ಟಚ್‌ಪ್ಯಾಡ್ ಮುಟ್ಟಲೇಬೇಡಿ' ಎಂಬ ಉಪದೇಶ ಸಾಮಾನ್ಯ. ವಿಂಡೋಸ್‌ನಲ್ಲಿ ಅದು ಬಹುಮಟ್ಟಿಗೆ ಸರಿ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಬೆರಳ ಸನ್ನೆಗಳನ್ನು ಸ್ವೀಕರಿಸುವುದು ಟಚ್‌ಸ್ಕ್ರೀನ್ ಮೇಲೆಯೇ. ಮ್ಯಾಕ್‌ಬುಕ್‌ಗೆ ಮಾತ್ರ ಈ ಮಾತು ಹೊಂದದು. ಮ್ಯಾಕ್ ಕಾರ್ಯವ್ಯವಸ್ಥೆಯ 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದಲೂ, ಅದರಲ್ಲೇ ಇರುವ ಓದುವ ತಂತ್ರಾಂಶ ವಾಯ್ಸ್‌ಓವರ್‌ನಲ್ಲಿ ಟ್ರ್ಯಾಕ್‌ಪ್ಯಾಡ್ ಕಮಾಂಡರ್ ಇದೆ; ಟಚ್‌ಪ್ಯಾಡ್ (ಮ್ಯಾಕ್‌ನಲ್ಲಿ ಟ್ರ್ಯಾಕ್‌ಪ್ಯಾಡ್) ಮೇಲಿನ ಬೆರಳ ಸನ್ನೆಗಳಿಂದ ವಾಯ್ಸ್‌ಓವರ್ ನಡೆಸುವ ಸೌಲಭ್ಯವಿದು.

ಕಮಾಂಡ್-ಎಫ್5 ಒತ್ತಿ ವಾಯ್ಸ್‌ಓವರ್ ಶುರುಮಾಡಿ. ನಂತರ ಕಂಟ್ರೋಲ್ ಮತ್ತು ಆಪ್ಶನ್ ಕೀಲಿಗಳನ್ನು ಹಿಡಿದುಕೊಂಡೇ, ಪ್ಯಾಡ್ ಮೇಲೆ ಎರಡು ಬೆರಳುಗಳನ್ನು ಬೀಗದ ಕೈ ತಿರುಗಿಸುವಂತೆ ಬಲಕ್ಕೆ ತಿರುಗಿಸಿದರೆ ಕಮಾಂಡರ್ ಆನ್. ಎಡಕ್ಕೆ ತಿರುಗಿಸಿದರೆ ಆಫ್. ಆನ್ ಆದ ಮೇಲೆ ಪ್ಯಾಡ್‌ನ ಹರವು ಎದುರಿನ ವಿಂಡೋದ ನಕ್ಷೆಯಾಗುತ್ತದೆ: ಮೇಲಿನ ಎಡಮೂಲೆ ಮುಟ್ಟಿದರೆ ವಿಂಡೋದ ಎಡಮೂಲೆಯಲ್ಲಿರುವುದು ಕೇಳಿಸುತ್ತದೆ. ಪಾಯಿಂಟರ್ ಎಂದಿನಂತೆ ಓಡುವುದಿಲ್ಲ. ಸಹಾಯಕ್ಕೆ ಬಂದ ಕಣ್ಣುಳ್ಳವರು 'ಪ್ಯಾಡ್ ಹೋಯ್ತು' ಎಂದು ಗಾಬರಿಯಾಗುವುದು ಇಲ್ಲಿಯೇ!

ಒಂದು ಬೆರಳನ್ನು ಬಲಕ್ಕೆ ಚಿಮ್ಮಿಸಿದರೆ ಮುಂದಿನ ಅಂಶ, ಎಡಕ್ಕೆ ಹಿಂದಿನದು. ಎರಡು ಸಲ ತಟ್ಟಿದರೆ ಆಯ್ಕೆ. ಹೊಸಬರು ಎಡವುವುದು ಪಟ್ಟಿ, ಟೇಬಲ್‌ಗಳಲ್ಲಿ. ಅದರೊಳಗೆ ಇಳಿಯಲು ಎರಡು ಬೆರಳನ್ನು ಬಲಕ್ಕೆ, ಹೊರಬರಲು ಎಡಕ್ಕೆ ಚಿಮ್ಮಿಸಬೇಕು. ಇಳಿಯದೇ ಹೋದರೆ ಕರ್ಸರ್ ಇಡೀ ಪಟ್ಟಿಯನ್ನೇ ದಾಟಿಬಿಡಬಹುದು. ವೆಬ್ ಪುಟದಲ್ಲಿ ಕೀಲಿ ಹಿಡಿಯದೆ ಎರಡು ಬೆರಳು ತಿರುಗಿಸಿದರೆ ರೋಟರ್, ಅಂದರೆ ಯಾವುದರಿಂದ ಯಾವುದಕ್ಕೆ ಜಿಗಿಯಬೇಕೆಂದು ಆರಿಸುವ ಸುತ್ತುಗುಂಡಿ; ಶೀರ್ಷಿಕೆ ಎಂದು ಆರಿಸಿ, ಒಂದು ಬೆರಳನ್ನು ಕೆಳಕ್ಕೆ ಚಿಮ್ಮಿಸಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿತ. ಮಾತು ನಿಲ್ಲಿಸಲು ಎರಡು ಬೆರಳಲ್ಲಿ ಒಮ್ಮೆ ತಟ್ಟಿದರೆ ಸಾಕು.

ಮೂರು ಬೆರಳಲ್ಲಿ ಮೂರು ಸಲ ತಟ್ಟಿದರೆ ಪರದೆ ಕಪ್ಪಾಗುತ್ತದೆ. ಬ್ಯಾಂಕ್ ಖಾತೆ ನೋಡುವಾಗ ಒಳ್ಳೆಯದೇ, ಆಕಸ್ಮಿಕವಾಗಿ ಆದರೆ ರಿಪೇರಿ ಅಂಗಡಿಗೆ ಓಡದೆ ಮತ್ತೆ ಹಾಗೆಯೇ ತಟ್ಟಿ. ತರಬೇತಿ ಕೇಂದ್ರಗಳು ಕೀಲಿಮಣೆಯ ಜೊತೆ ಇದನ್ನೂ ಪಾಠಕ್ಕೆ ಸೇರಿಸಲಿ.

– ಓದುಗ, ಮೈಸೂರು