ಸಸ್ಯೋದ್ಯಾನಕ್ಕೆ ಕ್ಷೌರ

ಸಂಪಾದಕರೇ,

ಕಾಲೇಜಿನ ದೇಶಿ ಸಸ್ಯಗಳ ತೋಟ ‘ಸ್ವಚ್ಛಗೊಂಡು ಕಂಗೊಳಿಸುತ್ತಿದೆ’ ಎಂದು ನಿನ್ನೆ ಬರೆದಿದ್ದೀರಿ. ಕಂಗೊಳಿಸುತ್ತಿರುವುದು ಬರೀ ಮಣ್ಣು. ಪರಿಶೀಲನಾ ತಂಡ ಬರುತ್ತದೆಂದು ಆಡಳಿತದವರು ಕಳೆ ಕತ್ತರಿಸುವ ಯಂತ್ರ ಹೊಡೆಸಿ ತುಂಬೆ, ಉತ್ತರಣೆ, ನೆಲನೆಲ್ಲಿ, ಎಕ್ಕ ಎಲ್ಲವನ್ನೂ ಒಂದೇ ಬೆಳಿಗ್ಗೆ ನೆಲಸಮ ಮಾಡಿದ್ದಾರೆ.

ಸೋಮವಾರದಿಂದ ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. 60 ವಿದ್ಯಾರ್ಥಿಗಳಿಗೆ ಸೀಳಿ ನೋಡಲು ತಲಾ ಎರಡು ತುಂಬೆ ಹೂ, ಸೀಳುವಾಗ ಕೆಟ್ಟರೆ ಇರಲೆಂದು ಇನ್ನೊಂದು. ಈ 180 ತುಂಬೆ ಹೂ ಯಾರ ಕಚೇರಿಯಲ್ಲಿ ಅರಳಿವೆ? ಹಿಂದಿನ ದಿನವೇ ಬಿಡಿಸಿಟ್ಟರೆ ದಳಕೊಳವೆ ಕಳಚಿ ಬೀಳುತ್ತದೆ, ಅದಕ್ಕೆ ಅಂಟಿದ ಎರಡು ಉದ್ದ, ಎರಡು ಗಿಡ್ಡ ಕೇಸರಗಳೂ ಅದರೊಂದಿಗೇ ಹೋಗುತ್ತವೆ. ಎಕ್ಕದ ಜೋಡಿ ಪೊಲಿನಿಯಾವನ್ನು, ಅಂದರೆ ಪರಾಗದ ಗಂಟುಗಳನ್ನು, ಸೂಜಿಮೊನೆಯಲ್ಲಿ ಎಳೆದು ತೋರಿಸುವ ಪಾಠವನ್ನು ಇನ್ನು ಬರೀ ಮಣ್ಣಿನ ಮೇಲೆ ಮಾಡಬೇಕೇನೋ.

‘ಮಳೆ ಬಂದರೆ ತಾನೇ ಹುಟ್ಟುತ್ತದೆ ಬಿಡಿ’ ಎಂಬ ಉತ್ತರ ಬೇರೆ. ತುಂಬೆ ಒಂದೇ ಋತುವಿನ ಗಿಡ. ಬೀಜ ಉದುರುವ ಮೊದಲೇ ಬುಡಕ್ಕೆ ಕತ್ತರಿಸಿದರೆ ಮುಂದಿನ ಮಳೆಗೆ ಆ ಜಾಗ ಹಿಡಿಯುವುದು ಪಾರ್ಥೇನಿಯಂ.

ಶ್ರೀಗಂಧದ ಪಾಡು ಇನ್ನೂ ಕಷ್ಟ. ಅದರ ಪಕ್ಕದ ತೊಗರಿ ಗಿಡಗಳನ್ನು ಕಸವೆಂದು ಬೇರುಸಹಿತ ಕಿತ್ತಿದ್ದಾರೆ. ಶ್ರೀಗಂಧ ಅರೆಪರಾವಲಂಬಿ, ನೆರೆಯ ಗಿಡದ ಬೇರಿಗೆ ತನ್ನ ಹೀರುಬೇರು ಕಚ್ಚಿಸಿ ನೀರು, ಲವಣ ಪಡೆಯುತ್ತದೆ. ಅದಕ್ಕೇ ಸಸಿ ಚೀಲದಲ್ಲಿರುವಾಗ ಹೊನಗೊನ್ನೆ, ನೆಲಕ್ಕಿಳಿದ ಮೇಲೆ ತೊಗರಿ, ತೊಗರಿ ಮುಗಿಯುವಷ್ಟರಲ್ಲಿ ಬಹುಕಾಲ ಬಾಳುವ ಆಸರೆ ಮರ ಎಂದು ಒಂದಾದ ಮೇಲೊಂದು ಜೊತೆ ಕೊಡುವುದು. ಈಗ ಎಲೆ ಹಳದಿಯಾಗುತ್ತಿದೆ ಎಂದು ದಿನಕ್ಕೆ ಎರಡು ಬಕೆಟ್ ನೀರು ಸುರಿಯುತ್ತಿದ್ದಾರೆ. ಬಾಯಿ ಹೊಲಿದು ಊಟ ಬಡಿಸಿದ ಹಾಗೆ!

ಇದೇನು ಹೊಸತಲ್ಲ. ಕಂಬದಂತೆ ನೆಟ್ಟಗೆ ನಿಲ್ಲುವ, ಸೀತಾಫಲದ ಕುಟುಂಬಕ್ಕೆ ಸೇರಿದ ಮರಕ್ಕೆ ಅಶೋಕದ ವೈಜ್ಞಾನಿಕ ಹೆಸರಾದ ‘ಸರಾಕಾ ಅಶೋಕ’ ಎಂದು ಫಲಕ ಬರೆಸಿದವರೂ ಇವರೇ. ನಿಜವಾದ ಅಶೋಕ ಹುಣಸೆಯ ಬಳಗದ್ದು ಎಂದು ಹೇಳಿ ಹೇಳಿ ಸಾಕಾಯಿತು. ಆ ಫಲಕವನ್ನು ಕಾಂಡಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ. ಸಡಿಲವಾಗಿ ತೂಗುಹಾಕಲು ಒಂದು ಸ್ಪ್ರಿಂಗ್ ತಂತಿ ಸಾಕಿತ್ತು. ಎಲೆಗೊಬ್ಬರದ ಗುಂಡಿ ಕೇಳಿದ ಅರ್ಜಿ ಎರಡು ವರ್ಷದಿಂದ ಮೇಜಿನಿಂದ ಮೇಜಿಗೆ ಅಲೆಯುತ್ತಿದೆ, ಅಂಚುಗಲ್ಲಿಗೆ ಬಣ್ಣ ಬಳಿಯಲು ಮಾತ್ರ ವಾರದಲ್ಲಿ ಹಣ ಮಂಜೂರು. ಉದುರಿದ ಎಲೆಗೆ ಬೆಂಕಿ ಇಡುವ ಪದ್ಧತಿಯೂ ಸಾಂಗವಾಗಿ ನಡೆದಿದೆ.

ಈಗ ತೆರವಾದ ಜಾಗಕ್ಕೆ ಡುರಾಂಟಾ ಎಂಬ ಅಲಂಕಾರದ ಗಿಡ ತಂದು ನೆಟ್ಟಿದ್ದಾರೆ. ಅದರ ತವರು ಅಮೆರಿಕ ಖಂಡ. ಬಾಗಿಲಲ್ಲಿ ‘ದೇಶಿ ಸಸ್ಯೋದ್ಯಾನ’ ಎಂಬ ಬೋರ್ಡು ಹಾಗೇ ಇದೆ.

ಸಂಬಂಧಪಟ್ಟವರು ಇನ್ನಾದರೂ ಏನಾದರೂ ಮಾಡಲಿ. ಯಂತ್ರ ಹೊಡೆಸುವ ಮೊದಲು ವಿಭಾಗವನ್ನು ಒಂದು ಮಾತು ಕೇಳಲಿ, ಇಲ್ಲವೇ ಆ ಬೋರ್ಡಿಗೂ ಯಂತ್ರ ಹೊಡೆಸಲಿ. ಶ್ರೀಗಂಧಕ್ಕೆ ನೀರು ಸುರಿಯುವವರಂತೂ ದಯವಿಟ್ಟು ಇವತ್ತೇ ಬಕೆಟ್ ಕೆಳಗಿಡಿ.

– ಸಸ್ಯಶಾಸ್ತ್ರ ಅಧ್ಯಾಪಕರು