ಲೆಕ್ಕ ನೋಡುವವರನ್ನು ಆರಿಸಿ ಬಂದೆ, ಅಪ್ಪ

ಕ್ವೀನ್ಸ್, ನ್ಯೂಯಾರ್ಕ್
22 ಜೂನ್ 2025, ಭಾನುವಾರ

ತೀರ್ಥರೂಪು ಅಪ್ಪನವರಿಗೆ, ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿಗೆ ಗುರುವಾರದವರೆಗೆ ಶಾಲೆ, ಆಮೇಲೆ ರಜ. ಸೆಕೆ ಶುರುವಾಗಿದೆ. ಇದನ್ನು ಅಕ್ಕನ ವಾಟ್ಸಾಪ್‌ಗೆ ಕಳಿಸುತ್ತಿದ್ದೇನೆ, ಪ್ರಿಂಟ್ ತೆಗೆಸಿ ಕೊಡುತ್ತಾಳೆ. ಫೋನಿನಲ್ಲಿ ಓದಿ ಕಣ್ಣು ಹಾಳು ಮಾಡಿಕೊಳ್ಳಬೇಡಿ.

ಅಪ್ಪ, ಅಕ್ಕ ಎಲ್ಲಾ ಬರೆದಿದ್ದಾಳೆ. ನೀವು ರಾತ್ರಿ ಮೂರು ಗಂಟೆಗೆ ಎದ್ದು ನಡುಮನೆಯಲ್ಲಿ ಓಡಾಡುತ್ತೀರಂತೆ. ಊಟ ಅರ್ಧಕ್ಕೇ ಬಿಡುತ್ತೀರಂತೆ. ನೀವು ಠೇವಣಿ ಇಟ್ಟ ಪತ್ತಿನ ಸೊಸೈಟಿಯವರು ಮಾರ್ಚ್‌ನಿಂದ ಬಡ್ಡಿ ಕೊಟ್ಟಿಲ್ಲ, ಅಸಲು ಕೇಳಿದರೆ ನಾಳೆ ನಾಡಿದ್ದು ಅನ್ನುತ್ತಾರೆ, ಈಗ ಅರ್ಧ ದಿನ ಮಾತ್ರ ಬಾಗಿಲು ತೆಗೆಯುತ್ತಾರೆ ಅಂತಲೂ ಗೊತ್ತಾಯಿತು. ಮೂರು ತಿಂಗಳು ನನ್ನ ಹತ್ತಿರ ಯಾಕೆ ಹೇಳಲಿಲ್ಲ? ಪ್ರತಿ ಶನಿವಾರ ಫೋನ್ ಮಾಡುತ್ತೇನೆ, ಮಳೆ ಬಂತಾ, ತಿಂಡಿ ಆಯ್ತಾ ಅಂತಲೇ ಮುಗಿಸಿಬಿಡುತ್ತೀರಿ. ಹದಿನೆಂಟು ಲಕ್ಷ ಸಣ್ಣ ದುಡ್ಡಲ್ಲ, ನಿಮ್ಮ ಮೂವತ್ನಾಲ್ಕು ವರ್ಷದ ಸರ್ವಿಸಿನ ದುಡ್ಡು. ಆದರೆ ಅದಕ್ಕಿಂತ ಜಾಸ್ತಿ ನಿಮ್ಮನ್ನು ಕೊರೆಯುತ್ತಿರುವುದು ಪದ್ದತ್ತೆಯ ಮೂರು ಲಕ್ಷ ಅಂತ ನನಗೆ ಗೊತ್ತು. ನೀವು ಹೇಳಿದಿರಿ ಅಂತ ಅವರು ಇಟ್ಟರು. ‘ನಾನೇ ಲೆಕ್ಕದವನು, ನಾನೇ ಮೋಸ ಹೋದೆ’ ಅಂತ ಅಕ್ಕನ ಮುಂದೆ ಅಂದಿರಂತೆ. ಆ ಸಾಲು ಓದಿ ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ.

ಇವತ್ತು ಬೆಳಿಗ್ಗೆ ನಾನು ಓಟು ಹಾಕಿ ಬಂದೆ. ಇಲ್ಲಿನ ಪ್ರಜೆ ಆದ ಮೇಲೆ ಮೊದಲ ಓಟು. ಅದನ್ನು ನಿಮಗೆ ಪೂರ್ತಿ ಹೇಳಬೇಕು, ಯಾಕೆಂದರೆ ನಿಮ್ಮ ಸೊಸೈಟಿ ವಿಷಯ ತಲೆಯಲ್ಲಿಟ್ಟುಕೊಂಡೇ ಹಾಕಿದ್ದು.

ಮೇಯರ್ ಚುನಾವಣೆ ವಿಷಯ ಟೀವಿಯಲ್ಲಿ ನೋಡಿರುತ್ತೀರಿ, ಮಮ್ದಾನಿ, ಕ್ವೋಮೊ ಅಂತ. ಇಲ್ಲೂ ಎಲ್ಲರ ಬಾಯಲ್ಲಿ ಅದೇ. ಆದರೆ ಅದೇ ಚೀಟಿಯಲ್ಲಿ ಇನ್ನೊಂದು ಹುದ್ದೆ ಇದೆ. ಬರೆಯುವುದು ಕಾಂಪ್ಟ್ರೋಲರ್ ಅಂತ, ಬಾಯಲ್ಲಿ ಹೇಳುವುದು ಕಂಟ್ರೋಲರ್ ಅಂತ. ಇಡೀ ನಗರದ ಲೆಕ್ಕ ನೋಡುವ ಮನುಷ್ಯ. ನಮ್ಮಲ್ಲಿ ಸಿಎಜಿಯನ್ನು ರಾಷ್ಟ್ರಪತಿ ನೇಮಕ ಮಾಡುತ್ತಾರೆ, ನಗರಸಭೆಗೆ ಲೆಕ್ಕಾಧಿಕಾರಿ ಸರ್ಕಾರದಿಂದ ಬರುತ್ತಾರೆ, ಅಲ್ವಾ? ಇಲ್ಲಿ ಜನರೇ ಓಟು ಹಾಕಿ ಆರಿಸುತ್ತಾರೆ. ನಾಲ್ಕು ವರ್ಷದ ಅವಧಿ, ಒಟ್ಟಿಗೆ ಎರಡು ಸಲಕ್ಕಿಂತ ಜಾಸ್ತಿ ಇಲ್ಲ. ಮೇಯರ್ ಕೈಕೆಳಗಿನವರೂ ಅಲ್ಲ. ಮೇಯರ್ ಇಲಾಖೆಗಳನ್ನೇ ಆಡಿಟ್ ಮಾಡುತ್ತಾರೆ. ನಿಮಗೆ ಇಷ್ಟವಾಗುವ ವ್ಯವಸ್ಥೆ.

ಕೆಲಸವೂ ಸುಮ್ನೆ ಸಹಿ ಹಾಕುವುದಲ್ಲ. ನಗರದ ಬಜೆಟ್ಟೇ 11,000 ಕೋಟಿ ಡಾಲರಿಗಿಂತ ಮೇಲೆ. ನಗರ ಯಾರಿಗೆ ಗುತ್ತಿಗೆ ಕೊಟ್ಟರೂ ಇವರ ಆಫೀಸಿನಲ್ಲಿ ನೋಂದಣಿ ಆಗಬೇಕು, ಅದನ್ನು ನೋಡಿ ಮುಗಿಸಲು 30 ದಿನದ ಗಡುವು. ನಗರದ ವಾಹನ ನಿಮ್ಮ ಕಾರಿಗೆ ಗುದ್ದಿದರೆ ಪರಿಹಾರದ ಅರ್ಜಿಯನ್ನು 90 ದಿನದೊಳಗೆ ಇವರಿಗೇ ಕೊಡಬೇಕು. ಇನ್ನು ಪಿಂಚಣಿ. ಮೇಷ್ಟ್ರುಗಳು, ಪೊಲೀಸರು, ಬೆಂಕಿ ಆರಿಸುವವರು, ಉಳಿದ ನೌಕರರು ಎಲ್ಲಾ ಸೇರಿ ಐದು ಪಿಂಚಣಿ ನಿಧಿಗಳಿವೆ. 28,000 ಕೋಟಿ ಡಾಲರಿಗೂ ಜಾಸ್ತಿ ದುಡ್ಡು. ಏಳು ಲಕ್ಷಕ್ಕೂ ಹೆಚ್ಚು ಜನರ ಮುಪ್ಪಿನ ಊಟ ಅದು. ಹೂಡಿಕೆಯ ತೀರ್ಮಾನವನ್ನು ಟ್ರಸ್ಟಿಗಳೆಲ್ಲ ಸೇರಿ ಮಾಡುತ್ತಾರೆ, ಆದರೆ ದುಡ್ಡು ಕಾಯುವವರೂ ಸಲಹೆ ಕೊಡುವವರೂ ಕಂಟ್ರೋಲರೇ.

ಈಗಿರುವ ಕಂಟ್ರೋಲರ್ ಬ್ರ್ಯಾಡ್ ಲ್ಯಾಂಡರ್ ಮೇಯರ್ ಸ್ಥಾನಕ್ಕೆ ನಿಂತಿದ್ದಾರೆ. ಹೋದ ಮಂಗಳವಾರ ವಲಸೆ ಕೋರ್ಟಿನಲ್ಲಿ ಒಬ್ಬರ ಜೊತೆಗೆ ನಿಂತಿದ್ದಕ್ಕೆ ಅಧಿಕಾರಿಗಳು ಹಿಡಿದು, ಕೆಲವು ಗಂಟೆ ಇಟ್ಟುಕೊಂಡು ಬಿಟ್ಟರಲ್ಲ, ಅವರೇ. ಅಮ್ಮ, ನೀನು ಅದನ್ನು ನೋಡಿ ಹೆದರಿದೆಯಂತೆ. ನನಗೇನೂ ಆಗಲ್ಲ. ನನ್ನ ಪಾಸ್‌ಪೋರ್ಟ್, ಕಾಗದ ಪತ್ರ ಎಲ್ಲಾ ಸರಿ ಇವೆ, ಮನೆಯಿಂದ ಆಫೀಸು, ಆಫೀಸಿನಿಂದ ಮನೆ. ದಯವಿಟ್ಟು ಆ ಚಾನೆಲ್ ನೋಡಬೇಡ.

ಅಪ್ಪ, ಈ ಹುದ್ದೆ ಎಷ್ಟು ದೊಡ್ಡದು ಅಂತ ನನಗೂ ಗೊತ್ತಿರಲಿಲ್ಲ. ಓದುತ್ತಾ ಹೋದ ಹಾಗೆ 1975ರ ಕತೆ ಸಿಕ್ಕಿತು. ಆ ವರ್ಷ ಈ ನಗರ ದಿವಾಳಿ ಅಂಚಿಗೆ ಬಂದಿತ್ತು. ಇಷ್ಟು ಶ್ರೀಮಂತ ಊರು! ಯಾಕೆ ಗೊತ್ತಾ? ದಿನದ ಖರ್ಚನ್ನು ಬಂಡವಾಳ ಖಾತೆಗೆ ಬರೆದು, ಅದರ ಮೇಲೆ ಸಾಲ ತೆಗೆದು, ಆ ಸಾಲ ತೀರಿಸಲು ಮತ್ತೆ ಸಾಲ ತೆಗೆದಿದ್ದರು. ಇದನ್ನು ಓದುವಾಗ ನೀವು ಪಕ್ಕದಲ್ಲಿ ಕೂತು ‘ಥೂ’ ಅಂದ ಹಾಗೆ ಕೇಳಿಸಿತು. ಆಗಿನ ಮೇಯರ್ ಏಬ್ ಬೀಮ್ ಅದಕ್ಕೂ ಮೊದಲು ಇದೇ ಕಂಟ್ರೋಲರ್ ಕುರ್ಚಿಯಲ್ಲಿ ಎರಡು ಅವಧಿ ಕೂತವರು. ಲೆಕ್ಕ ಬಲ್ಲವರೇ. ಅಕ್ಟೋಬರ್‌ನಲ್ಲಿ ಇನ್ನೇನು ಮುಗಿಯಿತು ಅನ್ನುವಾಗ ಮೇಷ್ಟ್ರುಗಳು ತಮ್ಮ ಪಿಂಚಣಿ ನಿಧಿಯಿಂದ 15 ಕೋಟಿ ಡಾಲರ್ ಕೊಟ್ಟು, ಸಾಲಪತ್ರ ಅಂದರೆ ಬಾಂಡ್ ಕೊಂಡು ನಗರವನ್ನು ಉಳಿಸಿದರು. ತಮ್ಮ ಮುಪ್ಪಿನ ದುಡ್ಡನ್ನು ಪಣಕ್ಕಿಟ್ಟು.

ಇನ್ನೊಬ್ಬರು ಅಲನ್ ಹೆವೆಸಿ. ಎಂಟು ವರ್ಷ ಈ ನಗರದ ಕಂಟ್ರೋಲರ್ ಆಗಿದ್ದು, ಆಮೇಲೆ ಇಡೀ ರಾಜ್ಯದ ಕಂಟ್ರೋಲರ್ ಆದರು. ರಾಜ್ಯದ ಪಿಂಚಣಿ ದುಡ್ಡನ್ನು ಒಬ್ಬ ಹೂಡಿಕೆದಾರನಿಗೆ ಕೊಡಿಸಲು ಪ್ರವಾಸ, ಉಡುಗೊರೆ ಅಂತ ತೆಗೆದುಕೊಂಡು, 2010ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೂ ಹೋಗಿ ಬಂದರು. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಎಷ್ಟೋ ಪಿಂಚಣಿದಾರರು, ಎಷ್ಟೋ ಆಡಿಟರು ನಂಬಿದ್ದ ಮನುಷ್ಯ ಅವರು. ನೀವೊಬ್ಬರೇ ಅಲ್ಲ ಅಪ್ಪ.

ಸರಿ, ಆರಿಸುವ ವಿಷಯ. ಅಭ್ಯರ್ಥಿಗಳ ಬಗ್ಗೆ ಒಂದು ಪುಸ್ತಕ ಮನೆಗೇ ಅಂಚೆಯಲ್ಲಿ ಬರುತ್ತದೆ, ಬಿಟ್ಟಿ. ಮೂರು ಸಂಜೆ ಅದನ್ನು ಇಟ್ಟುಕೊಂಡು ಕೂತೆ. ಇನ್ನೊಂದು ಚಂದದ ಪದ್ಧತಿ ಇದೆ. ಈ ಊರಿನವರು ಅಭ್ಯರ್ಥಿಗೆ 10 ಡಾಲರ್ ಚಂದಾ ಕೊಟ್ಟರೆ, ಯೋಜನೆಗೆ ಸೇರಿದವರಿಗೆ ನಗರದ ಖಜಾನೆ ಅದಕ್ಕೆ 80 ಸೇರಿಸುತ್ತದೆ. ದೊಡ್ಡ ಕುಳಗಳ ಹಿಂದೆ ಹೋಗದೆ ಸಣ್ಣ ಜನರ ಮನೆ ಬಾಗಿಲಿಗೆ ಬರಲಿ ಅಂತ.

ಇದು ಡೆಮಾಕ್ರಟಿಕ್ ಪಕ್ಷದ ಒಳಗಿನ ಸುತ್ತು, ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವುದು. ಚೀಟಿಯಲ್ಲಿ ನಾಲ್ಕು ಹೆಸರು. ನನ್ನ ಮನಸ್ಸು ಇಬ್ಬರ ನಡುವೆ ಓಡಾಡುತ್ತಿತ್ತು. ಜಸ್ಟಿನ್ ಬ್ರಾನನ್ ಅಂತ ಒಬ್ಬರು, ಬ್ರೂಕ್ಲಿನ್‌ನವರು, ನಗರ ಕೌನ್ಸಿಲ್ಲಿನ ಹಣಕಾಸು ಸಮಿತಿ ಅಧ್ಯಕ್ಷರು. ಮೊದಲು ಪಂಕ್ ರಾಕ್ ತಂಡದಲ್ಲಿ ಗಿಟಾರ್ ಬಾರಿಸುತ್ತಿದ್ದರಂತೆ! ನಮ್ಮೂರಲ್ಲಿ ಆರ್ಕೆಸ್ಟ್ರಾದವರು ಖಜಾಂಚಿ ಆಗ್ತೀನಿ ಅಂದರೆ ಜನ ಏನನ್ನುತ್ತಾರೋ, ಇಲ್ಲಿ ಅದು ಅಡ್ಡಿಯೇ ಅಲ್ಲ, ನನಗೆ ಅದು ಒಳ್ಳೆಯದೇ ಅನ್ನಿಸಿತು. ಬಜೆಟ್ಟಿನ ಪ್ರತಿ ತಲೆಬರಹ ಅವರಿಗೆ ಗೊತ್ತು. ಇನ್ನೊಬ್ಬರು ಮಾರ್ಕ್ ಲೆವೀನ್, ಈಗ ಮ್ಯಾನ್‌ಹಟನ್ ‘ಬರೋ’, ಅಂದರೆ ನಗರದ ಒಂದು ವಿಭಾಗ, ಅದರ ಅಧ್ಯಕ್ಷರು. ಮೊದಲು ಬ್ರಾಂಕ್ಸಿನಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರು. 1990ರ ದಶಕದಲ್ಲಿ ವಾಷಿಂಗ್ಟನ್ ಹೈಟ್ಸ್ ಅನ್ನುವ ಕಡೆ, ಜಾಸ್ತಿ ವಲಸೆ ಬಂದವರು ಇರುವ ಬಡಾವಣೆ, ಅಲ್ಲಿ ಒಂದು ಕ್ರೆಡಿಟ್ ಯೂನಿಯನ್ ಶುರು ಮಾಡಿದರು. ಕ್ರೆಡಿಟ್ ಯೂನಿಯನ್ ಅಂದರೆ ನಮ್ಮ ಪತ್ತಿನ ಸಹಕಾರ ಸಂಘದ ಹಾಗೇ, ಸದಸ್ಯರದ್ದೇ ಸಂಸ್ಥೆ.

ಅದನ್ನು ಓದಿದ್ದು ಗುರುವಾರ ಸಂಜೆ. ಇವರಿಗೇ ಅಂತ ಟಿಕ್ ಹಾಕಿಕೊಂಡೆ. ರಾತ್ರಿ ಅಕ್ಕನ ಮೆಸೇಜ್ ಬಂತು. ಆ ಟಿಕ್ ನೋಡಿ ನನಗೇ ಭಯವಾಯಿತು. ಸಹಕಾರ ಸಂಘ ಅಂದ ಮಾತ್ರಕ್ಕೆ ನಂಬಿದ್ದರಿಂದ ತಾನೇ ಇಷ್ಟೆಲ್ಲ ಆದದ್ದು? ಆಮೇಲೆ ನೋಡಿದೆ. ಇಲ್ಲಿನ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳಲ್ಲಿ ಒಬ್ಬರ ಠೇವಣಿಗೆ 2,50,000 ಡಾಲರ್ ತನಕ ಸರ್ಕಾರದ ವಿಮೆ ಇದೆ. ನಮ್ಮಲ್ಲಿ ಸಹಕಾರಿ ಬ್ಯಾಂಕಿಗೆ 5 ಲಕ್ಷದ ವಿಮೆ ಇದೆ, ಸೊಸೈಟಿಗೆ ಇಲ್ಲ. ಶುರು ಮಾಡಿದವರು ಎಷ್ಟು ಒಳ್ಳೆಯವರು ಅನ್ನುವುದರ ಜೊತೆಗೆ, ಅವರ ಮೇಲೆ ಕಣ್ಣಿಟ್ಟವರು ಯಾರು ಅಂತಲೂ ಕೇಳಬೇಕಿತ್ತು.

ಆಗ ನೆನಪಾದದ್ದು ಆ ಮಾರ್ಚ್ 31. ನಾನಾಗ ಏಳನೇ ಕ್ಲಾಸು. ನಿಮಗೆ ಊಟದ ಕ್ಯಾರಿಯರ್ ಕೊಡಲು ನಗರಸಭೆಗೆ ಬಂದಿದ್ದೆ. ರಾತ್ರಿ ಒಂಬತ್ತು ದಾಟಿತ್ತು, ಕ್ಯಾಶ್ ಬುಕ್ ಟ್ಯಾಲಿ ಆಗುತ್ತಿರಲಿಲ್ಲ, 45 ರೂಪಾಯಿ ವ್ಯತ್ಯಾಸ. ಗುಮಾಸ್ತರು ಜೇಬಿಗೆ ಕೈ ಹಾಕಿ ‘ನಾನೇ ಹಾಕ್ಬಿಡ್ತೀನಿ ಸಾರ್, ಮನೆಗೆ ಹೋಗೋಣ’ ಅಂದರು. ನೀವು ಬೇಡ ಅಂದಿರಿ. ‘ಒಂಬತ್ತರಿಂದ ಭಾಗವಾಗುತ್ತೆ, ಎಲ್ಲೋ ಅಂಕಿ ಹಿಂದುಮುಂದು ಆಗಿದೆ’ ಅಂತ ಕೆಂಪು ಪೆನ್ಸಿಲ್ ಹಿಡಿದು ವೋಚರ್ ಒಂದೊಂದೇ ತಿರುವಿದಿರಿ. 38 ಅಂತ ಬರೆಯುವ ಕಡೆ 83 ಆಗಿತ್ತು. ಸಾರು ತಣ್ಣಗಾಗಿತ್ತು. ಮನೆಗೆ ಬರುವಾಗ ಸೈಕಲ್ ಮೇಲೆ ನೀವು ಹೇಳಿದಿರಿ, ಖರ್ಚು ಬರೆದವನೇ ಆಡಿಟ್ ಮಾಡಬಾರದು ಕಣೋ, ದೇವರೇ ಆಗಿರಲಿ.

ಅದನ್ನೇ ಹಿಡಿದು ತೀರ್ಮಾನ ಮಾಡಿದೆ. ಬ್ರಾನನ್ ಯೋಗ್ಯರೇ, ಆದರೆ ಅವರೇ ಕೂತು ಮಾಡಿದ ಬಜೆಟ್ಟುಗಳನ್ನು ನಾಳೆ ಅವರೇ ಆಡಿಟ್ ಮಾಡಬೇಕಾಗುತ್ತದೆ. ಹಾಗಾಗಿ ಲೆವೀನ್ ಮೊದಲು, ಬ್ರಾನನ್ ಎರಡನೆಯದು. ಇಲ್ಲಿ ಹಾಗೆ ಕ್ರಮ ಕೊಟ್ಟು ಐದು ಜನರ ತನಕ ಓಟು ಹಾಕಬಹುದು. ನೀವು ಪದವೀಧರ ಕ್ಷೇತ್ರದಲ್ಲಿ 1, 2, 3 ಅಂತ ಪ್ರಾಶಸ್ತ್ಯದ ಮತ ಹಾಕುತ್ತೀರಲ್ಲ, ಬಹುತೇಕ ಅದೇ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಓಟುಗಳನ್ನು ಮುಂದಿನ ಹೆಸರಿಗೆ ಹಾಕುತ್ತಾ ಹೋಗುತ್ತಾರೆ. ನನ್ನ ಪಕ್ಕದ ಡೆಸ್ಕಿನ ಅಮೆರಿಕದವನಿಗೆ ಇದು ಅರ್ಥವಾಗುತ್ತಿರಲಿಲ್ಲ. ನಮ್ಮಲ್ಲಿ ಮೊದಲಿನಿಂದಲೂ ಇದೆ ಅಂತ ನಾನೇ ಹೇಳಿಕೊಟ್ಟೆ.

ಓಟಿನ ದಿನ ಮಂಗಳವಾರ, ಮುಂಚಿತವಾಗಿ ಹಾಕಲು ಇವತ್ತು ಕೊನೆ. ಮಂಗಳವಾರ 38 ಡಿಗ್ರಿ ಹತ್ತಿರ ಹೋಗುತ್ತದಂತೆ, ಅದಕ್ಕೇ ಇವತ್ತೇ ಹೋದೆ, ಪುಟ್ಟಿಯನ್ನೂ ಕರೆದುಕೊಂಡು. ಒಂದು ಶಾಲೆಯ ಆಟದ ಹಾಲ್. ಗುರುತಿನ ಚೀಟಿ ಕೇಳಲಿಲ್ಲ, ಸಹಿ ಹೊಂದಿಸಿ ನೋಡಿ ಉದ್ದನೆ ಕಾಗದ ಕೊಟ್ಟರು. ಸಣ್ಣ ಮೊಟ್ಟೆಯಾಕಾರಗಳಿಗೆ ಕಪ್ಪು ಪೆನ್ನಿನಲ್ಲಿ ಬಣ್ಣ ತುಂಬಬೇಕು, ಆಮೇಲೆ ನಾವೇ ಯಂತ್ರದೊಳಗೆ ತೂರಿಸಬೇಕು. ಸೂಚನೆಗಳು ಬಂಗಾಳಿಯಲ್ಲೂ ಇದ್ದವು. ಬೆರಳಿಗೆ ಶಾಯಿ ಇಲ್ಲ. ನಾನು ಸುಮ್ನೆ ಅಭ್ಯಾಸದಿಂದ ಎಡಗೈ ಮುಂದೆ ಚಾಚಿಬಿಟ್ಟೆ, ಅಲ್ಲಿದ್ದ ಅಜ್ಜಿ ಯಾಕೆ ಅಂದರು. ನಮ್ಮ ದೇಶಕ್ಕೆಲ್ಲ ಆ ಶಾಯಿ ಹೋಗುವುದು ನಮ್ಮ ಮೈಸೂರಿನಿಂದ ಅಂತ ಹೇಳಿದೆ. ಅವರು ಕೊಟ್ಟ ಸ್ಟಿಕರ್ ಪುಟ್ಟಿ ಫ್ರಾಕಿಗೆ ಅಂಟಿಸಿಕೊಂಡಿದ್ದಾಳೆ, ಇನ್ನೂ ತೆಗೆದಿಲ್ಲ.

ಈಗ ಸೊಸೈಟಿ. ಅಪ್ಪ, ನೀವು ಅಲ್ಲಿ ಠೇವಣಿದಾರರು ಮಾತ್ರ ಅಲ್ಲ, ಷೇರು ಇರುವ ಸದಸ್ಯರು. ನಿಮಗೂ ಓಟಿದೆ. ಹೋದ ಸಲ ಆಡಳಿತ ಮಂಡಳಿ ಚುನಾವಣೆಯಲ್ಲಿ ಅವರು ಕೊಟ್ಟ ಹೆಸರಿಗೇ ಎಲ್ಲರೂ ಒತ್ತಿ ಬಂದಿರಿ ಅಂತ ನೀವೇ ಹೇಳಿದ್ದಿರಿ. ಅದನ್ನು ತಪ್ಪು ಅಂತ ಎತ್ತಿ ಆಡುತ್ತಿಲ್ಲ, ಪರಿಚಯದವರು, ಎದುರಿಗೆ ಸಿಗುವವರು. ಇನ್ನು ಹಾಗೆ ಬೇಡ. ಎಫ್‌ಡಿ ರಸೀದಿಗಳು, ಪಾಸ್‌ಬುಕ್, ಷೇರು ಸರ್ಟಿಫಿಕೇಟು ಎಲ್ಲದರ ಎರಡೆರಡು ಜೆರಾಕ್ಸ್ ತೆಗೆಸಿ, ಪದ್ದತ್ತೆಯದ್ದೂ ಸೇರಿಸಿ. ಮೂಲ ರಸೀದಿಯನ್ನು ಯಾರು ಕೇಳಿದರೂ, ನವೀಕರಣ ಮಾಡಿಕೊಡುತ್ತೇವೆ ಅಂದರೂ ಕೊಡಬೇಡಿ. ಕಳೆದ ಮೂರು ವರ್ಷದ ಆಡಿಟ್ ವರದಿ ಬೇಕು ಅಂತ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ಸಹಕಾರ ಸಂಘಗಳ ಉಪ ನಿಬಂಧಕರ ಆಫೀಸಿಗೆ ದೂರು. ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ಅದರಡಿ ಹೋಗಬಹುದಾ ಅಂತ ಭಾವ ಅವರ ವಕೀಲರನ್ನು ಕೇಳಲಿ. ಒಬ್ಬರೇ ಹೋಗಬೇಡಿ, ನಿಮ್ಮ ಹಾಗೆ ಇಟ್ಟವರನ್ನೆಲ್ಲ ಸೇರಿಸಿ. ಆ ವರದಿ ಕೈಗೆ ಬಂದರೆ ನನಗೂ ಕಳಿಸಿ, ಆದರೆ ಮೊದಲು ನೀವು ಆ ಕೆಂಪು ಪೆನ್ಸಿಲ್ ಹಿಡಿದು ಕೂರಿ. ಆ ಊರಿನಲ್ಲಿ ನಿಮಗಿಂತ ಚೆನ್ನಾಗಿ ಅದನ್ನು ಓದುವವರು ಯಾರಿದ್ದಾರೆ? ಸೆಪ್ಟೆಂಬರ್ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬೇಕಾದವರು ನೀವೇ.

ಮನೆ ಖರ್ಚಿನ ಯೋಚನೆ ಬೇಡ, ಬೇಡವೇ ಬೇಡ. ಮುಂದಿನ ತಿಂಗಳಿನಿಂದ ಕಳಿಸುತ್ತೇನೆ, ಅಮ್ಮನ ಖಾತೆಗೆ. ಪದ್ದತ್ತೆಯ ಔಷಧಿ ಖರ್ಚೂ ನನ್ನದು, ಅವರಿಗೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ, ನೀವು ಅವರ ಮುಖ ತಪ್ಪಿಸಿ ಓಡಾಡಬೇಡಿ. ನನಗೇನೂ ಕಷ್ಟ ಇಲ್ಲ, ಕೆಲಸ ಗಟ್ಟಿಯಾಗಿದೆ, ಸಂಬಳ ಸಾಕಷ್ಟಿದೆ, ಆರೋಗ್ಯ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ. ಬಿಪಿ ಮಾತ್ರೆ ಬಿಡಬೇಡಿ. ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಅಕ್ಕ ಜೊತೆಗೆ ಬರುತ್ತಾಳೆ, ಹೇಳಿದ್ದೇನೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ನನಗೆ ಫೋನ್ ಮಾಡಿ. ಆಗ ಇಲ್ಲಿ ಸಂಜೆ ಐದೂವರೆ, ನಾನು ರೈಲಿನಲ್ಲಿರುತ್ತೇನೆ, ಸಿಗ್ನಲ್ ಸಿಕ್ಕ ಕೂಡಲೇ ತಿರುಗಿ ಮಾಡುತ್ತೇನೆ.

ಪುಟ್ಟಿ ಹಸಿವು ಅಂತ ಕರೆಯುತ್ತಿದ್ದಾಳೆ, ಕುಕ್ಕರ್ ಬೇರೆ ಕೂಗುತ್ತಿದೆ. ಜೆರಾಕ್ಸ್ ಮರೆಯಬೇಡಿ. ಉಳಿದದ್ದು ಶನಿವಾರ.

ನಿಮ್ಮ ಮಗ