ಸಂವಾದಕ್ಕೆ ಕರೆದು ಭಾಷಣ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಉಪನ್ಯಾಸದ ಜಾಗಕ್ಕೆ ಈಗ ಸಂವಾದ ಬಂದಿದೆ. ಮೊದಲು ರಾಜಕಾರಣಿ, ಆಮೇಲೆ ಹಾಡುವ ನಟ. ಇಬ್ಬರಿಗೂ ಅದೇ ಸೋಫಾ, ಅದೇ ಮೈಕು, ಅದೇ ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’. ಕೆಡುವುದು ಇಲ್ಲೇ.

‘ಪಾಲಿಕೆಯ ಕನ್ನಡ ಶಾಲೆಗಳನ್ನು ಹೇಗೆ ಉಳಿಸುತ್ತೀರಿ?’ ಎಂದು ರಾಜಕಾರಣಿಯನ್ನು ಕೇಳಿದರೆ ಹತ್ತು ನಿಮಿಷ ಹೋದಂತೆಯೇ. ಅತಿಥಿ ಸಂಸದರಾದರೆ ವರ್ಷಕ್ಕೆ 5 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿಯಿದೆ. ಅದರಿಂದ ಯಾವ ಶಾಲೆಯ ಕಟ್ಟಡಕ್ಕೆ ಎಷ್ಟು ಶಿಫಾರಸು ಮಾಡಿದಿರಿ ಎಂದು ಕೇಳಿ. ಶಿಕ್ಷಕರ ಸಂಬಳಕ್ಕೆ ಆ ನಿಧಿ ಬಳಸುವಂತಿಲ್ಲ, ಆ ಮಾತೆತ್ತಿ ಜಾರಲು ದಾರಿ ಮಾಡಿಕೊಡಬೇಡಿ. ಜಾರಿದರೆ ಅದೇ ಪ್ರಶ್ನೆ ಇನ್ನೊಮ್ಮೆ, ಇನ್ನೂ ಚಿಕ್ಕದಾಗಿ. ಸಭಿಕರಿಂದ ಚೀಟಿ ಪಡೆಯಿರಿ. ಮೈಕು ಕೊಟ್ಟರೆ ಅಲ್ಲಿಂದಲೂ ಭಾಷಣವೇ. ಚುನಾವಣೆಯಿದ್ದರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ನೇ ಕಲಮು, ಅಂದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಚುನಾವಣಾ ಸಭೆಗಳ ಮೇಲಿರುವ ನಿರ್ಬಂಧ, ನೆನಪಿರಲಿ.

ಗಾಯಕ-ನಟರ ವಿಷಯದಲ್ಲಿ ತೊಂದರೆಯೆಲ್ಲ ಧ್ವನಿಯದ್ದು. ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗಿದ್ದರೆ ಮಾತಿಗೆ ಸಾಕು, ಹಾಡಿಗೆ ಆಗದು. ಮಾತಿಗೆಂದು ಇಟ್ಟ ಮಟ್ಟದಲ್ಲಿ ತಾರಸ್ಥಾಯಿ ಹಿಡಿದ ಕೂಡಲೇ ದನಿ ಒಡೆಯುತ್ತದೆ, ಒಡೆದ ರೆಕಾರ್ಡಿಂಗನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. ಪಕ್ಕದಲ್ಲಿ ಸ್ಟ್ಯಾಂಡ್ ಮೈಕು ಬೇರೆಯೇ ಇರಲಿ. ಅವರು ಹಾಡುವ ಅತ್ಯಂತ ಎತ್ತರದ ಸಾಲಿಗೇ ಅದರ ಮಟ್ಟ ಹೊಂದಿಸಿ. ಮಾತಿನ ಮಧ್ಯೆ ‘ಒಂದು ಸಾಲು ಹಾಡಿ ಸಾರ್’ ಎನ್ನುವುದು ಕಲಾವಿದರಿಗೆ ಶಿಕ್ಷೆ. ಶ್ರುತಿ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಪುಣೆ, ಗೋವಾದವರಿಗೂ ಕಾಣಲೆಂದು ಝೂಮ್‌ನಲ್ಲಿ ಬಿಡುವುದಾದರೆ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ಇಲ್ಲವಾದರೆ ಒಂದೇ ಸಮ ಮೊಳಗುವ ತಂಬೂರಿಯನ್ನು ಝೂಮ್ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತದೆ.

ಇನ್ನು ನಮ್ಮವರ ಸನ್ಮಾನ! ಮೈಕು ಸಿಕ್ಕಿಸಿದ ಮೇಲೆ ಜರಿ ಶಾಲು ಹೊದಿಸಿದರೆ ಕೇಳುವುದು ಬರೀ ಸರಸರ. ಶಾಲು, ಹಾರ, ಪೇಟ ಎಲ್ಲ ಮೊದಲೇ ಮುಗಿಸಿ, ತೆಗೆದಿರಿಸಿ, ಆಮೇಲೆ ಮೈಕು ಹಾಕಿ.

ಸಿನಿಮಾ ಹಾಡು ಹಾಡಿಸಿ ಯೂಟ್ಯೂಬಿಗೆ ಏರಿಸಿದರೆ ಹಾಡಿನ ಹಕ್ಕುಳ್ಳ ಕಂಪನಿ ಹಕ್ಕು ಸಾಧಿಸಬಹುದು. ಹಾಡಿದವರಿಗೂ ತಮ್ಮದೇ ಹಕ್ಕಿದೆ. ರೆಕಾರ್ಡಿಂಗಿಗೆ ಅವರ ಒಪ್ಪಿಗೆಯನ್ನು ಬರಹದಲ್ಲಿ, ಕಾರ್ಯಕ್ರಮಕ್ಕೆ ಮೊದಲೇ ಪಡೆಯಿರಿ.

– ಧ್ವನಿ ತಂತ್ರಜ್ಞ, ಡೊಂಬಿವಲಿ